ವಿದುಷಿ ಕಮಲಾ ಸೋಹೊನೀ

ಬೆಂಗಳೂರಿನ ಉತ್ತರ ಭಾಗದ ಸಂಜಯನಗರದಲ್ಲಿ ವಾಸಿಸುವ ನಮ್ಮ ವಾಚಕರಿಗೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರವು ನೆರೆಮನೆಯಂತಿರುವುದು. ಅದರ ಮರಗಳ ಸಾಲನ್ನೂ ಕಲ್ಲಿನ ಗೋಪುರವನ್ನೂ ನಿತ್ಯ ನೋಡಿ ಹಾದುಹೋಗುವವರಲ್ಲಿ, 1933ನೆಯ ಇಸವಿಯಲ್ಲಿ ಆ ಮಂದಿರದ ಬಾಗಿಲಲ್ಲಿ ಒಬ್ಬ ಯುವತಿಯು ಹೆಣ್ಣೆಂಬ ಒಂದೇ ಕಾರಣದಿಂದ ತಡೆಯಲ್ಪಟ್ಟಳೆಂಬುದನ್ನು ಬಲ್ಲವರೆಷ್ಟು ಮಂದಿ? ಆಕೆಯೇ ಮುಂದೆ ಜೀವರಸಾಯನ ಶಾಸ್ತ್ರದಲ್ಲಿ ಕೀರ್ತಿವೆತ್ತ ಶ್ರೀಮತಿ ಕಮಲಾ ಸೋಹೊನೀಯವರು. ಅವರ ಜೀವಿತವನ್ನು ಸಂಕ್ಷೇಪವಾಗಿ ನಿರೂಪಿಸುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಇಂದೂರಿನಲ್ಲಿ ಹುಟ್ಟಿದ ಕಮಲಾ ಭಾಗವತರಿಗೆ ರಸಾಯನ ಶಾಸ್ತ್ರವು ಮನೆತನದ ವಿದ್ಯೆಯಾಗಿತ್ತು. ತಂದೆ ನಾರಾಯಣರಾಯರೂ ಚಿಕ್ಕಪ್ಪ ಮಾಧವರಾಯರೂ ಇದೇ ಬೆಂಗಳೂರಿನ ಮಂದಿರದ ಮೊದಮೊದಲ ವಿದ್ಯಾರ್ಥಿಗಳು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತರು ಒಡಹುಟ್ಟಿದವರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾರವರು, ತಂದೆ ಓದಿದ ಸ್ಥಳದಲ್ಲಿಯೇ ತಾವೂ ಸಂಶೋಧನೆ ನಡೆಸಬೇಕೆಂದು ಅರ್ಜಿ ಸಲ್ಲಿಸಿದರು. ಆಗ ಮಂದಿರದ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್ನರು. ಅರ್ಜಿಯು ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿದಾರಳು ಸ್ತ್ರೀಯಾಗಿದ್ದಳು, ಅಷ್ಟೆ.

ರಾಮನ್ನರ ವಿಷಯದಲ್ಲಿ ನಮಗಿರುವ ಗೌರವವು ಅಲ್ಪವಲ್ಲ. ಪರತಂತ್ರ ದೇಶದ ಪ್ರಯೋಗಶಾಲೆಯಲ್ಲಿ ದುಡಿದು 1930ರಲ್ಲಿ ನೊಬೆಲ್ ಬಹುಮಾನವನ್ನು ತಂದ ಪುರುಷಸಿಂಹರು ಅವರು. ಆದರೂ ದೊಡ್ಡವರ ತಪ್ಪನ್ನು ದೊಡ್ಡತನದ ಸೆರಗಿನಲ್ಲಿ ಮುಚ್ಚುವುದು ಪತ್ರಿಕೆಯ ಧರ್ಮವಲ್ಲ. ಕಮಲಾರವರು ಗಾಂಧೀಜಿಯವರ ಅನುಯಾಯಿಗಳು. ಬೆಂಗಳೂರಿಗೆ ಬಂದು, ಪ್ರವೇಶ ದೊರೆಯುವ ತನಕ ಸತ್ಯಾಗ್ರಹ ಹೂಡುವುದಾಗಿ ನಿಂತರು. ಕಡೆಗೆ ನಿಬಂಧನೆಗಳ ಮೇಲೆ ಅನುಮತಿ ಸಿಕ್ಕಿತು: ಮೊದಲ ಒಂದು ವರ್ಷ ಕ್ರಮವಾದ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ, ಗುರುಗಳು ಹೇಳಿದಾಗ ರಾತ್ರಿ ಹೊತ್ತಾದರೂ ದುಡಿಯತಕ್ಕದ್ದು, ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಕೂಡದು. ಈ ಕಡೆಯ ನಿಬಂಧನೆಯಲ್ಲಿದ್ದ ಅಪಮಾನವನ್ನು ಆಕೆ ಜೀವಮಾನವಿಡೀ ಮರೆಯಲಿಲ್ಲ. ಮರೆಯಬೇಕಾಗಿಯೂ ಇರಲಿಲ್ಲವೆಂದು ನಮ್ಮ ಮತ.

ಗುರುಗಳಾದ ಶ್ರೀ ಎಂ. ಶ್ರೀನಿವಾಸಯ್ಯನವರು ಕಠಿಣ ಶಿಸ್ತಿನವರು, ಆದರೆ ಉದಾರ ಹೃದಯದವರು. ಅವರ ಬಳಿ ಕಮಲಾರವರು ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಶೋಧಿಸಿದರು. ಬಡವನ ಊಟದ ಎಲೆಯನ್ನೇ ಶಾಸ್ತ್ರದ ಮೇಜಿನ ಮೇಲಿಟ್ಟಂತಾಯಿತು. ವರ್ಷ ತುಂಬುವುದರೊಳಗೆ ರಾಮನ್ನರ ಸಂದೇಹವು ಕರಗಿತು. ಅಂದಿನಿಂದ ಮಂದಿರದ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು. 1936ರಲ್ಲಿ ಆಕೆ ಎಂ.ಎಸ್‌ಸಿ. ಪದವಿಯನ್ನು ವಿಶೇಷ ಪ್ರಶಸ್ತಿಯೊಡನೆ ಪಡೆದರು.

ಅಲ್ಲಿಂದ ಕೇಂಬ್ರಿಜ್ಜು. ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸರ ಪ್ರಯೋಗಶಾಲೆಯಲ್ಲಿ, ರಾಬಿನ್ ಹಿಲ್ಲರ ಮಾರ್ಗದರ್ಶನದಲ್ಲಿ, ಆಕೆ ಆಲೂಗಡ್ಡೆಯನ್ನು ಪರೀಕ್ಷಿಸುತ್ತ, ಸಸ್ಯದ ಜೀವಕೋಶಗಳಲ್ಲಿಯೂ ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನು ಇರುವುದೆಂದು ತೋರಿಸಿದರು. ಕೇವಲ 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ದೊರೆಯಿತು.

ಈ ಶೋಧದ ಮಹತ್ವವನ್ನು ಎರಡು ಮಾತಿನಲ್ಲಿ ತಿಳಿಸುವುದವಶ್ಯಕ. ನಾವು ಉಸಿರಾಡುವುದರ ಅರ್ಥವೇನು? ಅನ್ನದಿಂದ ಬಿಡುಗಡೆಯಾದ ಎಲೆಕ್ಟ್ರಾನೆಂಬ ವಿದ್ಯುತ್ಕಣಗಳು ಪ್ರೋಟೀನಿನಿಂದ ಪ್ರೋಟೀನಿಗೆ ಕೈ ಬದಲಾಯಿಸುತ್ತ, ಕೊನೆಗೆ ಪ್ರಾಣವಾಯುವನ್ನು ಸೇರುವುದೇ ಉಸಿರಾಟ. ಈ ಸಾಲಿನಲ್ಲಿ ಸೈಟೋಕ್ರೋಮ್ ಸಿ ಒಬ್ಬ ಅಂಚೆಯವನಂತೆ. ಅದರ ಒಡಲಲ್ಲಿರುವ ಕಬ್ಬಿಣವು ಎಲೆಕ್ಟ್ರಾನನ್ನು ಪಡೆದಾಗ ಒಂದು ಬಣ್ಣ, ಕೊಟ್ಟಾಗ ಇನ್ನೊಂದು ಬಣ್ಣ. ಈ ವರ್ಣಭೇದವನ್ನೇ ಹಿಡಿದು ಕೇಂಬ್ರಿಜ್ಜಿನ ಡೇವಿಡ್ ಕೀಲಿನ್ನರು 1925ರಲ್ಲಿ ಇವುಗಳಿಗೆ ನಾಮಕರಣ ಮಾಡಿದ್ದರು. ಪ್ರಾಣಿಗೂ ಗಿಡಕ್ಕೂ ಉಸಿರಿನ ಸೂತ್ರವೊಂದೇ ಎಂಬುದನ್ನು ಕಮಲಾರವರ ಆಲೂಗಡ್ಡೆಯು ದೃಢಪಡಿಸಿತು.

ಆದರೆ ಎಲೆಕ್ಟ್ರಾನು ದಾಟುವ ವೇಗವನ್ನು ಅಳೆಯುವ ಗಡಿಯಾರವು ಅಂದು ಇರಲಿಲ್ಲ. 1960ರಲ್ಲಿ ಲೇಸರ್ ದೀಪವು ಬಂದಿತು. 1966ರಲ್ಲಿ ಅಮೆರಿಕೆಯ ಡೆವಾಲ್ಟ್ ಮತ್ತು ಚಾನ್ಸ್ ಎಂಬವರು ಬೆಳಕುಂಡು ಬದುಕುವ ಒಂದು ಬ್ಯಾಕ್ಟೀರಿಯದ ಮೇಲೆ ಮಾಣಿಕ್ಯದ ಲೇಸರಿನ ಕ್ಷಣಮಾತ್ರದ ಮಿಂಚನ್ನು ಹಾಯಿಸಿ, ಸೈಟೋಕ್ರೋಮು ಎಲೆಕ್ಟ್ರಾನನ್ನು ಬಿಟ್ಟುಕೊಡುವಾಗಿನ ವರ್ಣಭೇದವನ್ನು ಗುರುತಿಸಿದರು. ಸಾಧಾರಣ ಉಷ್ಣದಲ್ಲಿ ಅರ್ಧ ಕಾರ್ಯಕ್ಕೆ ಹಿಡಿದ ಕಾಲ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 2 ಪಾಲು. ಕಡುಶೀತದಲ್ಲಿ ಅದು ಸಾವಿರ ಪಟ್ಟು ನಿಧಾನವಾಯಿತು. ಬಳಿಕ ಎಷ್ಟು ತಣಿಸಿದರೂ ಇನ್ನು ನಿಧಾನವಾಗಲಿಲ್ಲ. ಅಂದರೆ ಎಲೆಕ್ಟ್ರಾನು ಗೋಡೆಯನ್ನು ಹತ್ತಿ ದಾಟುವುದಿಲ್ಲ, ಗೋಡೆಯೊಳಗಿಂದಲೇ ನುಸುಳುತ್ತದೆ! 1980ರ ದಶಕದಿಂದೀಚೆಗೆ ಕ್ಯಾಲಿಫೋರ್ನಿಯದ ಹ್ಯಾರಿ ಗ್ರೇ ಮುಂತಾದವರು ಸೈಟೋಕ್ರೋಮ್ ಸಿ ಪ್ರೋಟೀನಿನ ಗೊತ್ತಾದ ಜಾಗಕ್ಕೆ ರುಥೀನಿಯಂ ಲೋಹವನ್ನು ಬಂಧಿಸಿ, ಲೇಸರಿನಿಂದ ಎಲೆಕ್ಟ್ರಾನನ್ನು ಹೊರಡಿಸಿ, ಇಷ್ಟು ದೂರಕ್ಕೆ ಇಷ್ಟು ಕಾಲವೆಂದು ಲೆಕ್ಕ ಕಟ್ಟಿದರು.

ಇತ್ತ ಕಮಲಾರವರು ದೇಶಸೇವೆಯ ಸಂಕಲ್ಪದಿಂದ 1939ರಲ್ಲಿಯೇ ಮರಳಿದ್ದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯ ಕಾಲೇಜು, ಕೂನೂರಿನ ಪೋಷಣ ಸಂಶೋಧನಾಲಯಗಳಲ್ಲಿ ದುಡಿದು, 1947ರಲ್ಲಿ ಶ್ರೀ ಎಂ. ವಿ. ಸೋಹೊನೀಯವರನ್ನು ವರಿಸಿ ಮುಂಬಯಿಯಲ್ಲಿ ನೆಲಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗವನ್ನು ಬೆಳೆಸಿದರು. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸೂಚನೆಯ ಮೇರೆಗೆ ನೀರಾ ಪಾನೀಯದ ಸತ್ತ್ವವನ್ನು ಶೋಧಿಸಿ, ಅದು ಬಡ ಮಕ್ಕಳಿಗೂ ಗರ್ಭಿಣಿಯರಿಗೂ ಪುಷ್ಟಿಕರವೆಂದು ತೋರಿಸಿದರು. ಆ ಸಂಸ್ಥೆಯ ನಿರ್ದೇಶಕ ಪದವಿಯು ಮಾತ್ರ ಆಕೆಗೆ ವರ್ಷಗಟ್ಟಲೆ ತಡವಾಗಿ ಬಂದಿತು. ನಿವೃತ್ತಿಯ ಬಳಿಕ ಗ್ರಾಹಕರ ಹಿತರಕ್ಷಣೆಗಾಗಿ ದುಡಿದು 1998ರಲ್ಲಿ ತೀರಿಕೊಂಡರು.

ವಿದ್ಯೆಗೆ ಜಾತಿಯಿಲ್ಲ, ಲಿಂಗವಿಲ್ಲ ಎಂದು ಸಭೆಗಳಲ್ಲಿ ನುಡಿಯುವುದು ಸುಲಭ. ಅರ್ಜಿಯು ಮೇಜಿನ ಮೇಲೆ ಬಂದಾಗ ಹಾಗೆ ನಡೆಯುವುದು ಕಷ್ಟ. ಕಮಲಾರವರು ಎದುರು ನಿಂತುದರಿಂದ ಬಾಗಿಲು ತೆರೆಯಿತು. ನಿಲ್ಲುವ ಬಲವಿಲ್ಲದೆ ಮೌನವಾಗಿ ಹಿಂದಿರುಗಿದವರ ಲೆಕ್ಕವನ್ನು ಯಾವ ಕಚೇರಿಯೂ ಇಟ್ಟಿಲ್ಲ. ಪ್ರವೇಶ ಕೊಡುವ ಅಧಿಕಾರವುಳ್ಳ ಮಹನೀಯರೂ, ಹೆಣ್ಣುಮಕ್ಕಳ ಓದನ್ನು ಅರ್ಧಕ್ಕೆ ನಿಲ್ಲಿಸಲೆಣಿಸುವ ತಂದೆತಾಯಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ರಾಷ್ಟ್ರದ ಅರ್ಧ ಬುದ್ಧಿಯನ್ನು ಬಾಗಿಲ ಹೊರಗಿಟ್ಟು ಯಾವ ದೇಶವೂ ಮುಂದುವರಿದುದಿಲ್ಲ.