ಮೂರನೆಯ ಸಲ ಹಾಡದ ತಾಯಿ

ಕಿಶೋರಿ ಅಮೋಣಕರ್ ಅವರ ಹಾಡು ಕೇಳದ ಸಂಗೀತಪ್ರಿಯರು ಮುಂಬೈಯಲ್ಲಿ ಸಿಗುವುದು ಕಷ್ಟ. ಅವರ ತಾಯಿ ಮೋಗುಬಾಯಿ ಕುರ್ಡೀಕರ್ ಅವರ ಹೆಸರು ಮಾತ್ರ ನಮ್ಮ ಕನ್ನಡ ಬಳಗದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಮಹಿಳಾ ವಿಭಾಗದ ಸಂಚಿಕೆಗೆ ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ಆ ತಾಯಿಯೇ. ನಾನು ಸಂಗೀತ ಬಲ್ಲವಳಲ್ಲ, ಕೇಳುಗಳು ಅಷ್ಟೇ. ಆದರೆ ಮನೆ, ಮಕ್ಕಳು, ದುಡಿಮೆ ಮೂರನ್ನೂ ಒಟ್ಟಿಗೆ ಎಳೆಯುವುದು ಎಂದರೇನು ಎಂಬುದನ್ನು ಈ ಊರಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೋಗುಬಾಯಿ ಹುಟ್ಟಿದ್ದು 1904ರ ಜುಲೈ 15ರಂದು, ಗೋವಾದ ಕುರ್ಡಿ ಎಂಬ ಹಳ್ಳಿಯಲ್ಲಿ. ಮಗಳು ಹಾಡುಗಾರ್ತಿಯಾಗಬೇಕೆಂಬುದು ತಾಯಿ ಜಯಶ್ರೀಬಾಯಿಯ ಒಂದೇ ಹಂಬಲ. ಹುಡುಗಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಆ ತಾಯಿ ತೀರಿಕೊಂಡರು. ಆಮೇಲೆ ನಾಟಕ ಕಂಪನಿಗಳ ಬದುಕು. ಸಾಂಗ್ಲಿಯಲ್ಲಿದ್ದಾಗ ಒಬ್ಬಳೇ ಕುಳಿತು ಅಭ್ಯಾಸ ಮಾಡುತ್ತಿದ್ದ ಈ ಹುಡುಗಿಯ ದನಿ ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರ ಕಿವಿಗೆ ಬಿತ್ತು. ಅವರು ಜೈಪುರ ಘರಾನೆಯ ಅಲ್ಲಾದಿಯಾ ಖಾನ್. ಕಲಿಸಲು ತಾವಾಗಿಯೇ ಒಪ್ಪಿದರು. ಅವರು ಮುಂಬೈಗೆ ಹೋದಾಗ ಮೋಗುಬಾಯಿಯೂ 1922ರಲ್ಲಿ ಅವರನ್ನೇ ಹಿಂಬಾಲಿಸಿ ಇಲ್ಲಿಗೆ ಬಂದರು.

ನಮಗೆ ಈ ಘರಾನೆ ದೂರದ್ದೇನೂ ಅಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ. ಮೋಗುಬಾಯಿಯ ಶಿಷ್ಯೆಯರಲ್ಲಿ ಒಬ್ಬರಾದ ಕೌಸಲ್ಯಾ ಮಂಜೇಶ್ವರ್ ಅವರ ಹೆಸರಿನಲ್ಲೇ ನಮ್ಮ ಕಾಸರಗೋಡು ಸೀಮೆಯ ಊರು ಕುಳಿತಿದೆ.

ಮುಂಬೈಗೆ ಬಂದರೂ ವಿದ್ಯೆ ಸುಲಭಕ್ಕೆ ಸಿಗಲಿಲ್ಲ. ಗುರುಗಳು ಯಾರಿಗೆ ಕಲಿಸಬೇಕು, ಯಾರಿಗೆ ಕೂಡದು ಎಂಬ ಕಟ್ಟುಪಾಡುಗಳು ಅಡ್ಡ ಬಂದವು. ಪಾಠ ನಿಂತಿತು. ಬೇರೆ ಘರಾನೆಯ ಉಸ್ತಾದರಲ್ಲಿ ಸ್ವಲ್ಪ ಕಾಲ ಕಲಿತರು, ಆಮೇಲೆ ಅಲ್ಲಾದಿಯಾ ಖಾನರ ತಮ್ಮ ಹೈದರ್ ಖಾನರಲ್ಲಿ. ಅದೂ ತಪ್ಪಿತು. ಕೊನೆಗೆ 1934ರಲ್ಲಿ ಅಲ್ಲಾದಿಯಾ ಖಾನರು ಗಂಡಾ ಕಟ್ಟಿ ಶಿಷ್ಯೆಯಾಗಿ ಸ್ವೀಕರಿಸಿದರು. ಆಗ ಮನೆಯಲ್ಲಿ ಕಿಶೋರಿ ಎರಡು-ಮೂರು ವರ್ಷದ ಕೂಸು. ಮಗು ಹುಟ್ಟಿದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಅಟ್ಟ ಸೇರಿದ ಎಷ್ಟು ಮನೆಗಳು ನಮಗೆ ಗೊತ್ತಿಲ್ಲ! ಮೋಗುಬಾಯಿ ಮಗುವನ್ನು ಇಟ್ಟುಕೊಂಡೇ ಮತ್ತೆ ವಿದ್ಯಾರ್ಥಿನಿಯಾದರು.

ಪತಿ ಮಾಧವದಾಸ್ ಭಾಟಿಯಾ ಮಕ್ಕಳಿನ್ನೂ ಚಿಕ್ಕವರಿರುವಾಗಲೇ ತೀರಿಕೊಂಡರು. ಕಿಶೋರಿಗೆ ಆರೇಳು ವರ್ಷ. ಅವಳ ಜೊತೆಗೆ ಲಲಿತಾ ಮತ್ತು ಉಲ್ಲಾಸ್. ಮೂರು ಹೊಟ್ಟೆ ತುಂಬಬೇಕು, ಶಾಲೆ ನಡೆಯಬೇಕು, ತನ್ನ ಪಾಠವೂ ತಪ್ಪಬಾರದು. ಇದ್ದ ಆಸರೆ ಎಂದರೆ ಕಂಠ. ಕಛೇರಿಗಳು, ಮನೆಯಲ್ಲಿ ಶಿಷ್ಯರಿಗೆ ಪಾಠ, ಉಳಿದ ಹೊತ್ತಿನಲ್ಲಿ ತನ್ನ ರಿಯಾಜ್. ಮಕ್ಕಳು ಬೆಳೆದದ್ದು ಆ ತಂಬೂರಿಯ ಝೇಂಕಾರದೊಳಗೇ.

ಮಗಳಿಗೆ ಪಾಠ ಹೇಳುವಾಗ ಈ ತಾಯಿ ಸ್ಥಾಯಿಯನ್ನಾಗಲಿ ಅಂತರಾವನ್ನಾಗಲಿ ಎರಡೇ ಸಲ ಹಾಡುತ್ತಿದ್ದರಂತೆ. ಮೂರನೆಯ ಸಲ ಇಲ್ಲ. ಕಿಶೋರಿಯೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಇದನ್ನು ಮೊದಲು ಕೇಳಿದಾಗ ನನಗೆ ತುಸು ಕಠಿಣವೆನಿಸಿತು. ಮಗ್ಗಿಯನ್ನು ಮಕ್ಕಳಿಗೆ ಇಪ್ಪತ್ತು ಸಲ ಹೇಳಿಕೊಟ್ಟ ಕೈ ನಮ್ಮದು. ಆದರೆ ಯೋಚಿಸಿದಷ್ಟೂ ಅದರ ತರ್ಕ ತಿಳಿಯುತ್ತದೆ. ಎರಡೇ ಸಲ ಎಂದು ಗೊತ್ತಾದ ಮಗು ಮೈಯೆಲ್ಲ ಕಿವಿಯಾಗಿ ಕೂರುತ್ತದೆ. ವಿದ್ಯೆಗಾಗಿ ಹನ್ನೆರಡು ವರ್ಷ ಬಾಗಿಲು ಬಡಿದವರಿಗೆ ಒಂದೊಂದು ಸಾಲಿನ ಬೆಲೆಯೂ ಗೊತ್ತಿತ್ತು ಎಂದು ನನ್ನ ಊಹೆ.

ಹಾಗೆಂದು ಮಗಳನ್ನು ತನ್ನೊಬ್ಬಳಿಗೇ ಕಟ್ಟಿಹಾಕಲಿಲ್ಲ. ಭೆಂಡಿಬಜಾರ್ ಘರಾನೆಯ ಅಂಜನೀಬಾಯಿ ಮಾಲ್ಪೇಕರ್ ಸೇರಿದಂತೆ ಬೇರೆ ಗುರುಗಳಲ್ಲಿಯೂ ಕಲಿಯಲು ಬಿಟ್ಟರು. ತನಗೆ ಮುಚ್ಚಿದ್ದ ಬಾಗಿಲುಗಳನ್ನು ಮಗಳಿಗೆ ತಾನೇ ತೆರೆದುಕೊಟ್ಟಂತೆ ಇದು ನನಗೆ ಕಾಣುತ್ತದೆ. ಕಾಲೇಜಿಗೂ ಕಳಿಸಿದರು. ಕಿಶೋರಿ ಜೈ ಹಿಂದ್ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದು, ಅದನ್ನು ಅರ್ಧಕ್ಕೆ ಬಿಟ್ಟು ಸಂಗೀತಕ್ಕೇ ನಿಂತರು.

ತಾಯಿ ಕಛೇರಿಗೆ ಹೋದಾಗ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದದ್ದು ಮಗಳೇ. ಅಲ್ಲಿಂದ ಆ ಹುಡುಗಿ ನೋಡಿದ್ದು ಹಾಡನ್ನು ಮಾತ್ರವಲ್ಲ. ಹೆಣ್ಣು ಕಲಾವಿದೆಗೆ ಕೊಡುವ ಸಣ್ಣ ಸಂಭಾವನೆ, ಒಳ್ಳೆಯ ವಸತಿ ಕೊಡದೆ ಯಾರದೋ ಮನೆಯಲ್ಲಿ ಇಳಿಸುವುದು, ಮಾತಿನಲ್ಲಿ ಗೌರವದ ಕೊರತೆ. ತಾಯಿ ನುಂಗಿಕೊಂಡರು, ಮನೆಯಲ್ಲಿ ಮಕ್ಕಳಿದ್ದರಲ್ಲ. ಮಗಳು ಮರೆಯಲಿಲ್ಲ. ಮುಂದೆ ಕಿಶೋರಿಯವರನ್ನು ಸಿಡುಕಿ, ಅಹಂಕಾರಿ ಎಂದು ಪತ್ರಿಕೆಗಳು ಬರೆದವು. ಸಭೆಯಲ್ಲಿ ಗದ್ದಲವಾದರೆ ಹಾಡು ನಿಲ್ಲಿಸುವವರು, ಸಂಭಾವನೆಯಲ್ಲಿ ರಾಜಿಯಾಗದವರು ಎಂದು. ಆ ಸಿಡುಕಿನ ಬೇರು ಎಲ್ಲಿತ್ತು ಎಂದು ಕೇಳಿದವರು ಕಡಿಮೆ.

ತಾಯಿ-ಮಗಳ ನಡುವೆ ಮುನಿಸೂ ಇತ್ತು. 1964ರ ‘ಗೀತ್ ಗಾಯಾ ಪತ್ಥರೋಂ ನೇ’ ಚಿತ್ರಕ್ಕೆ ಕಿಶೋರಿ ಹಾಡಿದಾಗ, ಸಿನಿಮಾ ಹಾಡುವುದಾದರೆ ನನ್ನ ತಂಬೂರಿಗಳನ್ನು ಮುಟ್ಟಬೇಡ ಎಂದು ತಾಯಿ ಖಡಾಖಂಡಿತವಾಗಿ ಹೇಳಿದ್ದರಂತೆ. ಮೋಗುಬಾಯಿ ಇಲ್ಲಿ ಸ್ವಲ್ಪ ಅತಿಯಾದರು ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ಹಾಡು ಎಲ್ಲಿದ್ದರೂ ಒಳ್ಳೆಯದೇ. ಆದರೆ ಮನೆಯಲ್ಲಿ ಅನ್ನ ಹುಟ್ಟಿಸಿದ್ದು ಆ ತಂಬೂರಿಗಳೇ ಎಂಬುದನ್ನು ಮರೆಯುವಂತಿಲ್ಲ.

ಮನ್ನಣೆ ತಡವಾಗಿ ಬಂತು. 1968ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. ಆಗ ಅವರಿಗೆ ಎಪ್ಪತ್ತರ ಹತ್ತಿರ. ಹುಟ್ಟಿದ ಕುರ್ಡಿ ಎಂಬತ್ತರ ದಶಕದಲ್ಲಿ ಸಾಲಾವ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿನ ಗೋಡೆಗಳ ಅವಶೇಷ ಹೊರಗೆ ಕಾಣುತ್ತದೆ, ಊರಿನವರು ವರ್ಷಕ್ಕೊಮ್ಮೆ ಹೋಗಿ ಸೇರುತ್ತಾರೆ.

ಕಿಶೋರಿಯವರಿಗೆ ಇಬ್ಬರು ಗಂಡುಮಕ್ಕಳು, ಬಿಭಾಸ್ ಮತ್ತು ನಿಹಾರ್. ಬಿಭಾಸ್ ಎಂದರೆ ಬೆಳಗಿನ ಜಾವದ ರಾಗ. 2001ರ ಫೆಬ್ರವರಿ 10ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ ಮೋಗುಬಾಯಿ ಕಣ್ಮುಚ್ಚಿದರು. ಇಂದು ಆ ಮನೆಯಲ್ಲಿ ಹಾಡುತ್ತಿರುವವರು ಕಿಶೋರಿಯವರ ಮೊಮ್ಮಗಳು ತೇಜಶ್ರೀ.