ಜಹೀರಾಬಾದ್ ದಾರಿಯಲ್ಲಿ ಬಂದ ಸೇನಾನಿ ಜನರಲ್ ಚೌಧುರಿ

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ನಳದುರ್ಗ, ಉಮರ್ಗಾ, ಹುಮನಾಬಾದ್ ದಾಟಿ ಜಹೀರಾಬಾದ್ ಮುಟ್ಟುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮರ ರಾಜ್ಯದೊಳಗೆ ಬಂದ ಮುಖ್ಯ ದಾರಿ ಇದೇ. ಆ ಪಡೆಯ ಮುಂದಾಳು ಮೇಜರ್ ಜನರಲ್ ಜಯಂತನಾಥ ಚೌಧುರಿ. ಮುಂದೆ ಅವರು ದೇಶದ ಭೂಸೇನೆಯ ಮುಖ್ಯಸ್ಥರಾದರು.

ಚೌಧುರಿ ಬಂಗಾಳಿ ಮನೆತನದವರು, ಹುಟ್ಟಿದ್ದು 1908ರಲ್ಲಿ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1928ರಲ್ಲಿ ಸೇನೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದ ಮರುಭೂಮಿಯಲ್ಲೂ ಬರ್ಮಾದಲ್ಲೂ ಕೆಲಸ ಮಾಡಿದರು. ಸ್ವಾತಂತ್ರ್ಯ ಬಂದಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳು ತೆರವು ಮಾಡಿದ ಜಾಗಗಳಿಗೆ ಇಂಥ ಕಿರಿಯರೇ ಬರಬೇಕಾಯಿತು. 1948ರಲ್ಲಿ ಅವರ ಕೈಗೆ ಒಂದನೇ ಕವಚಿತ ಡಿವಿಜನ್ ಬಂತು.

ಹೈದರಾಬಾದ್ ಕಾರ್ಯಾಚರಣೆ ಐದೇ ದಿನದಲ್ಲಿ ಮುಗಿಯಿತು. ಜಹೀರಾಬಾದ್ ಕಡೆ ಬರುವಾಗ ನೆಲಬಾಂಬುಗಳಿಂದ ಪಡೆಯ ವೇಗ ತಗ್ಗಿತು. 17ರಂದು ಬೀದರ್ ಕೈವಶವಾಯಿತು. ಮರುದಿನ ನಿಜಾಮರ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರ ಮುಂದೆ ಶರಣಾದರು. ಚೌಧುರಿ ಅವರೇ ರಾಜ್ಯದ ಮಿಲಿಟರಿ ಗವರ್ನರ್ ಆಗಿ 1949ರ ಕೊನೆಯವರೆಗೆ ಆಡಳಿತ ನಡೆಸಿದರು. ಆಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಿಜಾಮರ ಖಾಸಗಿ ಭೂಮಿಯಾದ ಸರ್ಫ್-ಎ-ಖಾಸ್ ಸರ್ಕಾರಕ್ಕೆ ಸೇರಿದ್ದು, ಜಾಗೀರುಗಳು ರದ್ದಾದದ್ದು ಇದೇ ಅವಧಿಯಲ್ಲಿ. ತಲೆಮಾರುಗಳಿಂದ ಜಾಗೀರುದಾರರಿಗೆ ಕಂದಾಯ ಕಟ್ಟುತ್ತಿದ್ದ ರೈತರು ಸರ್ಕಾರದ ನೇರ ಆಡಳಿತಕ್ಕೆ ಬಂದರು.

ಆದರೆ ಆ ದಿನಗಳಿಗೆ ಇನ್ನೊಂದು ಮುಖವೂ ಇದೆ. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನರಳಿದ್ದವು. ಸೇನೆ ಬಂದ ಮೇಲೆ ಸೇಡಿನ ಹತ್ಯೆಗಳು ನಡೆದು ಸಾಮಾನ್ಯ ಮುಸ್ಲಿಮರು ಬಲಿಯಾದರು. ಕೇಂದ್ರ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ತಂಡ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಹಾನಿ ಹೆಚ್ಚು. ಕೆಲವೆಡೆ ಸೈನಿಕರೂ ಲೂಟಿಯಲ್ಲಿ ಪಾಲ್ಗೊಂಡರೆಂದು ವರದಿ ಹೇಳಿತು. ಚೌಧುರಿ ಅವರಲ್ಲಿ ಮಾತ್ರ ಕೋಮುಭಾವನೆ ಇಲ್ಲ, ಶಿಸ್ತಿನ ಮನುಷ್ಯ ಎಂದು ಅದೇ ವರದಿ ಮೆಚ್ಚಿತು. ದಶಕಗಳ ಕಾಲ ಈ ವರದಿ ಜನರ ಕೈಗೆ ಸಿಗಲಿಲ್ಲ.

1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾದಾಗ ಚೌಧುರಿ ದಕ್ಷಿಣ ಕಮಾಂಡಿನ ಮುಖ್ಯಸ್ಥರು. ಮರುವರ್ಷ ಚೀನಾ ಯುದ್ಧದಲ್ಲಿ ಸೋಲಾಯಿತು. ಜನರಲ್ ಥಾಪರ್ ಹುದ್ದೆ ಬಿಟ್ಟರು, ನವೆಂಬರ್‌ನಲ್ಲಿ ಚೌಧುರಿ ಅವರ ಸ್ಥಾನಕ್ಕೆ ಬಂದರು. ಎದೆಗುಂದಿದ್ದ ಸೇನೆಯನ್ನು ಮತ್ತೆ ಕಟ್ಟುವುದು ಅವರ ಪಾಲಿನ ಕೆಲಸವಾಯಿತು. ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಜೊತೆಗೂಡಿ ಸೇನೆಯ ಗಾತ್ರವನ್ನು 8.25 ಲಕ್ಷಕ್ಕೆ ಏರಿಸುವ ಯೋಜನೆ ಕೈಗೊಂಡರು. ಬೆಟ್ಟದ ಯುದ್ಧಕ್ಕೆಂದೇ ಪರ್ವತ ಡಿವಿಜನ್‌ಗಳು ಹುಟ್ಟಿಕೊಂಡವು. ಸೋಲಿನ ತನಿಖೆಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಪ್ರೇಮ್ ಭಗತ್ ಅವರನ್ನು ನೇಮಿಸಿದವರೂ ಚೌಧುರಿಯೇ. ಆ ವರದಿಯನ್ನು ಸರ್ಕಾರ ಇನ್ನೂ ಪ್ರಕಟಿಸಿಲ್ಲ.

1965ರ ಪಾಕಿಸ್ತಾನ ಯುದ್ಧದಲ್ಲಿ ಲಾಹೋರ್ ಕಡೆ ಹೊಸ ರಂಗ ತೆರೆದದ್ದು ಅವರ ಕಾಲದಲ್ಲೇ. ಯುದ್ಧದಿಂದ ಅವರಿಗೆ ಹೆಸರೂ ಬಂತು, ಟೀಕೆಯೂ ಬಂತು. ಬಿಯಾಸ್ ನದಿಯವರೆಗೆ ಹಿಂದೆ ಸರಿಯಲು ಚೌಧುರಿ ಸೂಚಿಸಿದ್ದರು, ತಾವು ಒಪ್ಪಲಿಲ್ಲ ಎಂದು ಪಶ್ಚಿಮ ಕಮಾಂಡಿನ ಹರಬಕ್ಷ್ ಸಿಂಗ್ ನಂತರ ಬರೆದರು. ಮದ್ದುಗುಂಡು ಬಹುಪಾಲು ಮುಗಿದಿದೆ ಎಂದು ಪ್ರಧಾನಿ ಶಾಸ್ತ್ರಿಯವರಿಗೆ ಚೌಧುರಿ ತಿಳಿಸಿದ್ದರು, ಆದರೆ ಖರ್ಚಾದದ್ದು ಸುಮಾರು ಶೇ 14 ಮಾತ್ರ ಎಂದು ಇತಿಹಾಸಕಾರರು ದಾಖಲಿಸಿದ್ದಾರೆ. ಕದನವಿರಾಮ ಬೇಗ ಆಯಿತೇ ಎಂಬ ವಾದಕ್ಕೆ ಮೂಲ ಇದೇ.

1966ರ ಜೂನ್‌ನಲ್ಲಿ ನಿವೃತ್ತರಾದ ಚೌಧುರಿ ಕೆನಡಾಕ್ಕೆ ಹೈಕಮಿಷನರ್ ಆಗಿ ಹೋಗಿ 1969ರವರೆಗೆ ಇದ್ದರು. ಆಮೇಲೆ ಸರ್ಕಾರಿ ಹುದ್ದೆಯ ಹಂಗಿಲ್ಲದೆ ತಮ್ಮ ಅನುಭವವನ್ನು ಹಂಚಿದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ರಕ್ಷಣಾ ವಿಷಯಗಳ ಬಗ್ಗೆ ಬರೆದರು. ಪದ್ಮವಿಭೂಷಣ ಅವರಿಗೆ ಸಂದಿತ್ತು. ಅವರು ಹೇಳಿ ಬರೆಸಿದ ಆತ್ಮಕಥೆ 1978ರಲ್ಲಿ ಹೊರಬಂತು. 1983ರ ಏಪ್ರಿಲ್‌ನಲ್ಲಿ ನಿಧನರಾದರು.

ಅವರು ಆಳಿದ ಹೈದರಾಬಾದ್ ರಾಜ್ಯ 1956ರ ನವೆಂಬರ್ 1ರಂದು ಮೂರು ಪಾಲಾಯಿತು. ಬೀದರ್, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದವು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಆಂಧ್ರಪ್ರದೇಶಕ್ಕೆ ಹೋಗಿ ಈಗ ತೆಲಂಗಾಣದಲ್ಲಿವೆ. ಗಡಿಯ ಎರಡೂ ಕಡೆ ಸೆಪ್ಟೆಂಬರ್ 17ರಂದು ಧ್ವಜ ಏರುತ್ತದೆ, ದಿನದ ಹೆಸರು ಮಾತ್ರ ಬೇರೆ ಬೇರೆ.