ಮಹಾದಾಸೋಹಿ ಶರಣಬಸವೇಶ್ವರರು ಮತ್ತು ನಮ್ಮೂರ ಸಾಲಿ



ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆ ಅಂದಮೇಲೆ ಶೇರು, ಠೇವಣಿ, ಸಾಲ, ವಸೂಲಿ ಇವುಗಳ ಲೆಕ್ಕ ಇರಲೇಬೇಕು. ಅದು ಬೇರೆ ಪುಟಗಳಲ್ಲಿದೆ. ಈ ಪುಟಗಳನ್ನು ನಮ್ಮ ಸೀಮೆಯ ಒಬ್ಬ ಮಹಾತ್ಮರ ಸ್ಮರಣೆಗೆ ಮೀಸಲಿಡೋಣ. ಯಾಕಂದ್ರ, ಕೂಡಿ ದುಡಿಯುವುದು ಹ್ಯಾಂಗ, ಹಂಚಿ ಉಣ್ಣುವುದು ಹ್ಯಾಂಗ ಎಂಬುದನ್ನು ನಮಗೆ ಮೊದಲು ಕಲಿಸಿದವರು ಅವರೇ.

ನಮ್ಮ ದೇಶದಲ್ಲಿ ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಇದು ಸಹಕಾರಿಗಳಾದ ನಮಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅದಕ್ಕೂ ನೂರು ವರ್ಷ ಮೊದಲೇ, ಕಾಯ್ದೆ ಇಲ್ಲ, ರಿಜಿಸ್ಟರ್ ಇಲ್ಲ, ಜೇವರ್ಗಿ ಸೀಮೆಯ ಒಬ್ಬ ರೈತರು ತಮ್ಮ ರಾಶಿಯಲ್ಲಿ ಎಲ್ಲರಿಗೂ ಪಾಲುಂಟು ಎಂದು ನಡೆದು ತೋರಿಸಿದರು. ಅವರೇ ಅರಳಗುಂಡಗಿಯ ಶರಣಬಸವಪ್ಪನವರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ಮನೆಗೊಬ್ಬ ಶರಣಬಸಪ್ಪ, ಶರಣಮ್ಮ ಸಿಗುತ್ತಾರೆಂದರೆ ಅದು ಅವರ ಹೆಸರೇ.

ಹುಟ್ಟು ಮತ್ತು ಒಕ್ಕಲುತನ

ಶರಣಬಸವೇಶ್ವರರು 1746ರಲ್ಲಿ ಅರಳಗುಂಡಗಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ತಂದೆ ಮಲಕಪ್ಪನವರು, ತಾಯಿ ಸಂಗಮ್ಮನವರು. ಕಲಕೇರಿಯ ಮರುಳಾರಾಧ್ಯರು ಅವರಿಗೆ ಗುರುಗಳು. ಗುರುವಿನ ಮೇಲೆ ಅವರಿಗಿದ್ದ ಭಕ್ತಿ ಎಷ್ಟೆಂದರೆ, ಗುರು ಶಿಷ್ಯರ ಹೆಸರನ್ನು ನಮ್ಮ ಜನ ಇವತ್ತಿಗೂ ಜೋಡಿಯಾಗಿಯೇ ನೆನೆಯುತ್ತಾರೆ.

ಆ ಕಾಲ ಸುಖದ ಕಾಲವಾಗಿರಲಿಲ್ಲ. ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಮರಾಠರ ದಂಡಿನ ಓಡಾಟವೂ ಇತ್ತು. ಮಳೆ ನಂಬುವಂತಿರಲಿಲ್ಲ. ಶರಣರಿಗೆ ನಲವತ್ತೈದು ದಾಟಿದಾಗ, 1791–92ರಲ್ಲಿ, ದಖ್ಖನಿನ ನಾಡಿಗೆಲ್ಲ ಭಯಂಕರ ಬರ ಬಿತ್ತು. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಅದಕ್ಕೆ ಡೋಗಿ ಬರ, ತಲೆಬುರುಡೆಯ ಬರ ಎಂಬ ಹೆಸರೇ ಬಂತು. ಅಂಥ ಕಾಲದಲ್ಲಿ ಹಗೇವಿನ ಬಾಯಿ ಮುಚ್ಚಿಕೊಂಡು ಕೂಡುವುದು ಮನುಷ್ಯನ ಸಹಜ ಗುಣ. ಶರಣರು ಬದುಕಿದ ರೀತಿಗೆ ಬೆಲೆ ಬಂದದ್ದು ಆ ಕಾಲದಲ್ಲಿ ಹಾಗೆ ಬದುಕಿದ್ದಕ್ಕೆ.

ಹೊಲದಾಗಿನ ಹಕ್ಕಿಗಳ ಕಥೆ ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತು. ಜೋಳ ತೆನೆಗಟ್ಟಿ ಹಾಲು ತುಂಬಿದಾಗ ರೈತರು ಅಟ್ಟ ಕಟ್ಟಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಾರೆ. ಶರಣರು ಮಾತ್ರ ಅಟ್ಟದ ಮೇಲೆ ನೀರು ತುಂಬಿಸಿ ಇಟ್ಟರಂತೆ. ತೆನೆ ತಿಂದ ಹಕ್ಕಿಗೆ ನೀರಡಿಕೆ ಆಗ್ತದ, ಕುಡಿದು ಹೋಗಲಿ ಅಂತ. ಊರವರು ನಕ್ಕರು, ಇವರ ಹೊಲ ಹಾಳಾಯಿತು ಎಂದರು. ಆದರೆ ರಾಶಿ ಮಾಡಿದಾಗ ಅವರ ಕಣದಲ್ಲಿಯೇ ಜೋಳ ಹೆಚ್ಚು ಬಂತು ಎಂದು ಹಿರೇರು ಹೇಳ್ತಾರ. ಇದನ್ನು ಪವಾಡವೆಂದು ನಂಬುವವರು ನಂಬಲಿ. ನಮ್ಮಂಥ ಒಕ್ಕಲಿಗರು ಹಿಡಿಯಬೇಕಾದ ತಿರುಳು ಇಷ್ಟು: ಅವರು ತಮ್ಮ ಪಾಲು ಎಣಿಸುವುದಕ್ಕೆ ಮೊದಲು ಉಣ್ಣುವ ಬಾಯಿಗಳನ್ನು ಎಣಿಸಿದರು.

ದಾಸೋಹ ಅಂದರೆ ಏನು?

ದಾಸೋಹ ಶಬ್ದ ಹನ್ನೆರಡನೆಯ ಶತಮಾನದ ಬಸವಾದಿ ಶರಣರಿಂದ ಬಂದದ್ದು. ಅವರ ಕಲ್ಯಾಣ ನಮಗೆ ದೂರವಿಲ್ಲ, ಆಳಂದದಿಂದ ಉತ್ತರಕ್ಕೆ ಹೋದರೆ ಬೀದರ ಜಿಲ್ಲೆಯಲ್ಲೇ ಅದ. ಕಾಯಕ ಮಾಡು, ಬಂದದ್ದನ್ನು ಹಂಚಿ ಉಣ್ಣು ಎಂಬುದು ಅವರ ಹಾದಿ. ಆರುನೂರು ವರ್ಷಗಳ ಮೇಲೆ ಆ ಹಾದಿಯನ್ನು ಅರಳಗುಂಡಗಿಯ ಹೊಲದಲ್ಲಿ ಮತ್ತೆ ತುಳಿದವರು ಶರಣಬಸವರು.

ಬಹಳ ಮಂದಿ ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸ ಮಾಡುವುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ತಗೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಒಬ್ಬರು ಜೋಳ ತರುತ್ತಾರೆ, ಒಬ್ಬರು ಕಟ್ಟಿಗೆ ತರುತ್ತಾರೆ, ತಾಯಂದಿರು ಬೀಸಿ, ರೊಟ್ಟಿ ಬಡಿಯುತ್ತಾರೆ, ಹುಡುಗರು ನೀರು ಹೊರುತ್ತಾರೆ. ಉಂಡವರೂ ಎದ್ದು ಕಸ ಗುಡಿಸುತ್ತಾರೆ. ಯಾರ ಜಾತಿ ಯಾವುದು ಎಂದು ಪಂಕ್ತಿಯಲ್ಲಿ ಕೇಳುವಂತಿಲ್ಲ. ಇಷ್ಟೂ ಕೂಡಿದರೆ ಅದು ದಾಸೋಹ. ಒಬ್ಬ ಸಾಹುಕಾರ ಒಂದು ದಿನ ಊಟ ಹಾಕಿಸಿದರೆ ಅದು ಊಟ, ಅಷ್ಟೇ. ಶರಣರ ಮನೆಯಲ್ಲಿ ಇದು ವರ್ಷದ ಒಂದು ದಿನದ ಮಾತಾಗಿರಲಿಲ್ಲ, ನಿತ್ಯದ ಕೆಲಸವಾಗಿತ್ತು. ಇದರಲ್ಲಿ ಅವರ ಧರ್ಮಪತ್ನಿ ಮಹಾದೇವಿ ತಾಯಿಯವರ ಪಾಲು ದೊಡ್ಡದು. ದಿನಾ ಒಲೆ ಹೊತ್ತಿಸುವ ಕೈ ಇಲ್ಲದಿದ್ದರೆ ಯಾವ ದಾಸೋಹವೂ ನಡೆಯುವುದಿಲ್ಲ ಎಂಬುದು ತಾಯಂದಿರಿಗೆ ಹೇಳಿಕೊಡಬೇಕಾದ ಮಾತಲ್ಲ.

ಅರಳಗುಂಡಗಿಯಿಂದ ಕಲಬುರಗಿಗೆ

ಮುಂದೆ ಶರಣರು ಹುಟ್ಟೂರು ಬಿಟ್ಟು ಕಲಬುರಗಿಯ ಕಡೆ ಬಂದರು. ಜೇವರ್ಗಿಯಿಂದ ಕಲಬುರಗಿಗೆ ಹೋಗುವ ಹಾದಿಯಲ್ಲಿ ಫರತಾಬಾದ ಸಿಗುತ್ತದಲ್ಲ, ಆ ಊರಿನ ದೊಡ್ಡಪ್ಪಗೌಡರು ಶರಣರಿಗೆ ಹೆಗಲು ಕೊಟ್ಟು ನಿಂತರು. ಹೀಗಾಗಿ ಶರಣರ ಹೆಸರು ಬಂದಲ್ಲಿ ಗೌಡರ ಹೆಸರೂ ಬರುತ್ತದೆ. ಕಲಬುರಗಿಯಲ್ಲಿ ಬಡವರು, ದಾರಿಹೋಕರು, ರೋಗಿಗಳು ಎನ್ನದೆ ಹಸಿದು ಬಂದವರಿಗೆಲ್ಲ ಅನ್ನ ಸಿಗುವ ಮನೆ ಅದಾಯಿತು.

1822ರಲ್ಲಿ ಶರಣರು ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿಯ ಮೇಲೆ ಎದ್ದ ಗುಡಿಯೇ ಇಂದಿನ ಶರಣಬಸವೇಶ್ವರ ದೇವಸ್ಥಾನ. ಹೋಳಿ ಹುಣ್ಣಿಮೆಯಾದ ಐದನೆಯ ದಿನ ರಥ ಎಳೆಯುತ್ತಾರೆ. ತೇರಿನ ಮೇಲಿಂದ ಪೀಠಾಧಿಪತಿಗಳು ಪರುಷಬಟ್ಟಲನ್ನು ಎತ್ತಿ ತೋರಿಸಿದಾಗ ಲಕ್ಷಾಂತರ ಜನ ಕೈಮುಗಿಯುತ್ತಾರೆ. ನಮ್ಮ ಹಳ್ಳಿಗಳಿಂದ ನಡೆದುಕೊಂಡೇ ಹೋಗುವವರು ಎಷ್ಟೋ ಜನ. ಆ ಜಾತ್ರೆಯಲ್ಲಿ ತೋರಿಸುವ ವಸ್ತು ಖಡ್ಗವಲ್ಲ, ಕಿರೀಟವಲ್ಲ, ಒಂದು ಬಟ್ಟಲು. ಅದನ್ನು ಮರೆಯಬಾರದು.

ಅನ್ನದಿಂದ ಅಕ್ಷರಕ್ಕೆ

ಶರಣರ ಕಾಲದಲ್ಲಿ ಹಳ್ಳಿಯಲ್ಲಿ ಸರಕಾರಿ ಸಾಲಿ ಇರಲಿಲ್ಲ. ಗುಡಿಯ ಕಟ್ಟೆಯ ಮೇಲೋ, ಮಠದ ಪಡಸಾಲೆಯಲ್ಲೋ ಕೂಲಿಮಠ ನಡೆಯುತ್ತಿತ್ತು. ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಬೇಕು. ಮಾಸ್ತರಿಗೆ ತಿಂಗಳ ಪಗಾರ ಇರಲಿಲ್ಲ, ಸುಗ್ಗಿಯಲ್ಲಿ ಮನೆಮನೆಯವರು ಕಾಳು ಅಳೆದು ಕೊಡುತ್ತಿದ್ದರು. ಅಂದರೆ ಮಾಸ್ತರನ್ನು ಸಾಕುವುದು ಊರಿನ ಹೊಣೆ. ಇದು ಒಳ್ಳೆಯ ಪದ್ಧತಿಯೇ, ಆದರೆ ಅದರಲ್ಲಿ ದೊಡ್ಡ ಕುಂದೂ ಇತ್ತು. ಆ ಕಟ್ಟೆಯ ಮೇಲೆ ಎಲ್ಲರ ಮಕ್ಕಳಿಗೂ ಜಾಗ ಇರಲಿಲ್ಲ. ಹೆಣ್ಣುಮಕ್ಕಳು ಬರುತ್ತಿದ್ದದ್ದು ತೀರಾ ಕಡಿಮೆ. ಕೇರಿಯ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅನ್ನದ ಪಂಕ್ತಿ ಎಲ್ಲರಿಗೂ ತೆರೆದಿತ್ತು, ಅಕ್ಷರದ ಪಂಕ್ತಿ ತೆರೆದಿರಲಿಲ್ಲ.

ಆ ಬಾಗಿಲು ತೆರೆಯುವ ಕೆಲಸಕ್ಕೆ ಶರಣರ ಸಂಸ್ಥಾನವೇ ಕೈಹಾಕಿತು. ಏಳನೆಯ ಪೀಠಾಧಿಪತಿಗಳಾದ ಪೂಜ್ಯ ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಕಲಬುರಗಿಯಲ್ಲಿ ಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆದರು. ಅದು ನಿಜಾಮರ ಕಾಲ. ಕಚೇರಿ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ಕನ್ನಡ ಓದಿದರೆ ನೌಕರಿ ಎಲ್ಲಿದೆ ಎಂದು ಜನ ಕೇಳುತ್ತಿದ್ದ ಆ ಕಾಲದಲ್ಲಿ, ಅದೂ ಹುಡುಗಿಯರಿಗೆ ಸಾಲಿ ಎಂದರೆ ಸಣ್ಣ ಧೈರ್ಯವಲ್ಲ. 1948ರ ಸೆಪ್ಟೆಂಬರ್ 17ರಂದು ಈ ಭಾಗ ಸ್ವತಂತ್ರ ಭಾರತಕ್ಕೆ ಸೇರಿತು. 1956ರಲ್ಲಿ ಕನ್ನಡ ನಾಡಿನಲ್ಲಿ ಒಂದಾಯಿತು. ಹಳ್ಳಿಹಳ್ಳಿಗೆ ಕನ್ನಡ ಸಾಲಿ ಬಂತು.

ಅಕ್ಷರ ದಾಸೋಹ

ಸಾಲಿ ಬಂತು ಖರೆ, ಹಸಿದ ಮಕ್ಕಳು ಕೂಡಲಿಲ್ಲ. 1995ರಿಂದ ಕೇಂದ್ರದ ಯೋಜನೆಯಲ್ಲಿ, ಹಾಜರಾತಿ ನೂರಕ್ಕೆ 80 ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು. ಮಕ್ಕಳು ಚೀಲ ಹೊತ್ತು ಮನೆಗೆ ಒಯ್ಯುತ್ತಿದ್ದದ್ದು ನಿಮಗೂ ನೆನಪಿರಬೇಕು. ಆಮೇಲೆ 2002ರ ಜೂನ್ 1ರಂದು ನಮ್ಮ ಜಿಲ್ಲೆಯೂ ಸೇರಿ ರಾಜ್ಯದ ಉತ್ತರದ 7 ಜಿಲ್ಲೆಗಳಲ್ಲಿ ಸಾಲಿಯಲ್ಲೇ ಬಿಸಿಯೂಟ ಮಾಡಿ ಬಡಿಸುವ ಯೋಜನೆ ಸುರುವಾಯಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ.

ಈ ಹೆಸರನ್ನು ಹಗುರಾಗಿ ತಗೋಬಾರದು. ಚೀಲದ ಧಾನ್ಯ ಆಯಾ ಮನೆಯ ಪಡಿತರವಾಗಿತ್ತು. ಕೂಡಿ ಉಣ್ಣುವ ಊಟ ಊರಿನದು. 1ರಿಂದ 5ನೇ ಇಯತ್ತೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕವಿದೆ. ಧಾನ್ಯ ಸರಕಾರದ್ದು, ಆದರೆ ಒಲೆ ನಮ್ಮೂರದು, ಅಡುಗೆ ಮಾಡುವ ತಾಯಂದಿರು ನಮ್ಮವರು, ಕೂಸುಗಳು ನಮ್ಮವು. ಪಾತ್ರೆ ತೊಳೆಯುವ ನೀರು ಇದೆಯೋ ಇಲ್ಲವೋ, ಬೇಳೆಗೆ ಹುಳ ಬಿದ್ದಿದೆಯೋ ಹೇಗೋ ಎಂದು ನೋಡುವುದಕ್ಕೆ ಬೆಂಗಳೂರಿನಿಂದ ಯಾರೂ ದಿನಾ ಬರುವುದಿಲ್ಲ.

ಅಡುಗೆಯಾಕೆ ಇಂಥ ಜಾತಿಯವಳು, ನಮ್ಮ ಕೂಸು ಉಣ್ಣುವುದಿಲ್ಲ ಎಂದು ಹಟ ಹಿಡಿದ ಊರುಗಳ ಸುದ್ದಿ ನಾಡಿನಲ್ಲಿ ಆಗಾಗ ಕೇಳಿಬಂದದ್ದುಂಟು. ಜಾತ್ರೆಗೆ ಹೋಗಿ ಪರುಷಬಟ್ಟಲಿಗೆ ಕೈಮುಗಿಯುವುದು, ಮನೆಗೆ ಬಂದು ಸಾಲಿಯ ತಾಟು ಬೇಡ ಅನ್ನುವುದು, ಇವೆರಡೂ ಒಂದೇ ಕೈಯಿಂದ ಆಗುವ ಕೆಲಸವಲ್ಲ. ಶರಣರ ಹೆಸರು ಹೇಳುವವರು ಇದನ್ನು ತಮ್ಮ ಎದೆಗೇ ಕೇಳಿಕೊಳ್ಳಬೇಕು.

ಸಾಲಿ ಯಾರದು?

ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ, ನಾವು ಎಸ್.ಡಿ.ಎಂ.ಸಿ. ಎನ್ನುವುದು, 2001ರಲ್ಲಿ ಬಂತು. ಮುಂದೆ 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ತಂದೆತಾಯಿಗಳೋ ಪೋಷಕರೋ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದಿತು. ಕಾಗದದಲ್ಲಿ ಇಷ್ಟು ಸಾಕು. ಆದರೆ ಮೀಟಿಂಗಿಗೆ ಹೋಗದೆ ಮನೆಯಲ್ಲೇ ಸಹಿ ಮಾಡಿ ಕಳಿಸಿದರೆ ಆ ಸಮಿತಿ ಯಾಕ ಬೇಕು? ಸರ್ವಸಾಧಾರಣ ಸಭೆಗೆ ಬಾರದ ಸದಸ್ಯರಿಂದ ಸಹಕಾರ ಸಂಘ ಹೇಗೆ ಸೊರಗುತ್ತದೆ ಎಂಬುದು ನಮಗೆ ಅನುಭವದ ಮಾತು. ಸಾಲಿಯೂ ಹಾಗೆಯೇ.

ನಮ್ಮ ಮುಂದಿರುವ ಕೆಲಸ ಸಣ್ಣದಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 75, ನಮ್ಮ ಜಿಲ್ಲೆಯಲ್ಲಿ ಸುಮಾರು 65. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಸುಮಾರು 55 ಮಾತ್ರ. ತೊಗರಿ ಕೊಯ್ಲು ಬಂತೆಂದರೆ ಹುಡುಗಿಯ ಪಾಟಿಚೀಲ ಗೂಟಕ್ಕೆ ಬೀಳುತ್ತದೆ. ಮಳೆ ಕೈಕೊಟ್ಟರೆ ಮುಂಬೈ, ಪುಣೆಗೆ ಗುಳೆ ಹೋಗುವ ತಂದೆತಾಯಿ ಕೂಸನ್ನೂ ಕಟ್ಟಿಕೊಂಡು ಹೋಗುತ್ತಾರೆ. ತಿರುಗಿ ಬರುವ ಹೊತ್ತಿಗೆ ಅದು ಕಲಿತ ಅಕ್ಷರ ಮರೆತಿರುತ್ತದೆ. ಇದಕ್ಕೆ ಮಾಸ್ತರು ಒಬ್ಬರೇ ಏನು ಮಾಡ್ಯಾರು?

ಹಾಗಾದರೆ ಊರು ಏನು ಮಾಡಬಹುದು? ಗುಳೆ ಹೋಗುವ ಮನೆಯ ಕೂಸನ್ನು ಅಜ್ಜಿಯ ಹತ್ತಿರವೋ, ಸರಕಾರದ ವಸತಿ ಸಾಲಿಯಲ್ಲೋ ಉಳಿಸುವ ವ್ಯವಸ್ಥೆಯ ಬಗ್ಗೆ, ಹೊರಡುವ ಮೊದಲೇ ಆ ಮನೆಯವರ ಜೋಡಿ ಕೂತು ಮಾತಾಡಬಹುದು. ವಾರದಲ್ಲಿ ಒಂದು ದಿನ ಇಬ್ಬರು ತಾಯಂದಿರು ಸರತಿಯ ಮೇಲೆ ಬಿಸಿಯೂಟದ ಹೊತ್ತಿಗೆ ಸಾಲಿಗೆ ಹೋಗಿ, ತಾವೂ ಮಕ್ಕಳ ಸಾಲಿನಲ್ಲಿ ಕೂತು ಉಂಡು ಬರಬಹುದು. ಹಿತ್ತಲದ ಸೊಪ್ಪು, ಕುಂಬಳ ಒಂದಿಷ್ಟು ಸಾಲಿಯ ಒಲೆಗೆ ಕೊಡಬಹುದು. ಮಳೆಗಾಲದ ಮೊದಲು ಹಂಚು ಸರಿಮಾಡಲು ಊರಿನ ಬಡಿಗೇರ, ಗೌಂಡಿ ಒಂದು ದಿನದ ಕೆಲಸ ಕೊಡಬಹುದು. ಯಾವ ಮನೆಯ ಹುಡುಗಿ ಎಷ್ಟು ದಿನದಿಂದ ಸಾಲಿಗೆ ಬಂದಿಲ್ಲ ಎಂದು ಪ್ರತಿ ಅಮವಾಸ್ಯೆಗೊಮ್ಮೆ ಸಮಿತಿಯವರು ಕೇಳಬಹುದು. ಇದರಲ್ಲಿ ರೊಕ್ಕದ ಕೆಲಸ ಕಡಿಮೆ, ಮನಸ್ಸಿನ ಕೆಲಸ ಹೆಚ್ಚು. ಸಂಘದ ಸಾಲದ ಕಂತು ನೆನಪಿಟ್ಟು ಕಟ್ಟುವ ನಾವು ಸಾಲಿಯ ಕಂತೂ ನಮ್ಮ ಮೇಲಿದೆ ಎಂದು ತಿಳಿಯಬೇಕು.

ಸದಸ್ಯ ಬಂಧುಗಳೇ, ಶರಣಬಸವೇಶ್ವರರು ಗ್ರಂಥ ಬರೆದು ಹೆಸರಾದವರಲ್ಲ, ರಾಜ್ಯ ಆಳಿದವರೂ ಅಲ್ಲ. ಮಳೆಯನ್ನು ನಂಬಿ ಬದುಕಿದ ನಮ್ಮಂಥ ರೈತರು. ಅವರು ಎಪ್ಪತ್ತಾರು ವರ್ಷ ಬದುಕಿ ಬಿಟ್ಟು ಹೋದ ಆಸ್ತಿ ಎಂದರೆ ದಿನಾ ಹೊತ್ತುವ ಒಂದು ಒಲೆ ಮತ್ತು ಎಲ್ಲರೂ ಕೂಡುವ ಒಂದು ಪಂಕ್ತಿ. ಅದೇ ಒಲೆ ಇವತ್ತು ನಮ್ಮೂರ ಸಾಲಿಯ ಅಡುಗೆ ಕೋಣೆಯಲ್ಲಿದೆ. ಅದೇ ಪಂಕ್ತಿ ಸಾಲಿಯ ಪಡಸಾಲೆಯಲ್ಲಿ ಮಧ್ಯಾಹ್ನ ಕೂಡುತ್ತದೆ. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಂಘದ ಪ್ರತಿ ಸದಸ್ಯರೂ ಈ ವರ್ಷ ಒಂದು ದಿನವಾದರೂ ಆ ಪಂಕ್ತಿಯಲ್ಲಿ ಕೂಡಬೇಕೆಂದು, ಎದ್ದ ಮೇಲೆ ಅಲ್ಲಿಯ ಒಂದು ಕೆಲಸಕ್ಕೆ ಕೈಹಚ್ಚಬೇಕೆಂದು ವಿನಂತಿ.